ರಾಗಿ ಡ್ರಮ್ಮಿನ ಮೇಲಿನ ಲೇಬಲ್

ಥೂ. ಆಮೇಲೆ ಟೊಕ್.

ಮೊದಲನೆಯದು ಉಗಿದ ಸದ್ದು, ಎರಡನೆಯದು ನಾಲಿಗೆ ಅಂಗುಳಕ್ಕೆ ಹೊಡೆದ ಸದ್ದು. ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿತ್ತಿಲಿನಲ್ಲಿ ನೂಲಿಗೆ ಬಣ್ಣ ಹಾಕುವ ಒಂದು ಶೆಡ್ ಇತ್ತು. ಅಲ್ಲಿ ಕೆಲಸ ಮಾಡುತ್ತಿದ್ದವನನ್ನು ಎಲ್ಲರೂ ಬಣ್ಣದಾತ ಎಂದೇ ಕರೆಯುತ್ತಿದ್ದರು. ಬಣ್ಣದ ನೀರು ತುಂಬಿದ ಬಾನಿಯಲ್ಲಿ ಬೆರಳದ್ದಿ, ನಾಲಿಗೆಗೆ ಮುಟ್ಟಿಸಿ, ಪಕ್ಕಕ್ಕೆ ಉಗಿದು, ಅವನು ಟೊಕ್ ಎಂದರೆ ಬಾನಿ ಹದಕ್ಕೆ ಬಂದಿದೆ ಎಂದರ್ಥ. ಟೊಕ್ ಬರಲಿಲ್ಲವೆಂದರೆ ಇನ್ನೊಂದು ಹಿಡಿ ಏನನ್ನೋ ಸುರಿಯುತ್ತಿದ್ದ. ಬೀದಿಯ ಕಡೆ ಮಗ್ಗಗಳು ಕಿವಿ ಕೀಳುವಂತೆ ಬಡಿದುಕೊಳ್ಳುತ್ತಿದ್ದರೂ ಅಡುಗೆಮನೆಯ ಕಿಟಕಿಯಲ್ಲಿ ನಿಂತ ನನಗೆ ಈ ಪುಟ್ಟ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಈಗಲೂ ಕೇಳುತ್ತದೆ. ಕೇಳಿದಾಗಲೆಲ್ಲ ನನ್ನ ಬ್ಲಡ್ ಪ್ರೆಶರ್ ಏರುತ್ತದೆ. ಡಾಕ್ಟರು ಉಪ್ಪು ಕಮ್ಮಿ ಮಾಡಿ ಅನ್ನುತ್ತಾರೆ. ಅವರಿಗೇನು ಗೊತ್ತು.

ಅರವತ್ತರ ದಶಕದಲ್ಲಿ ಮದುವೆಯಾಗಿ ಆ ಮನೆಗೆ ಬಂದಾಗ ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದ, ತಲೆ ತುಂಬ ಇಂಗ್ಲಿಷ್ ತುಂಬಿಕೊಂಡ ಹುಡುಗಿ. ನಮ್ಮ ಕೆಮಿಸ್ಟ್ರಿ ಸಿಸ್ಟರ್‌ಗೆ ಲ್ಯಾಬ್ ಎಂದರೆ ಚಾಪೆಲ್‌ನಷ್ಟೇ ಪವಿತ್ರ. ಬಾಟಲುಗಳೆಲ್ಲ ಸಾಲಾಗಿ, ಲೇಬಲ್ ಹೊರಗೆ ಕಾಣುವಂತೆ ನಿಲ್ಲಬೇಕು. ಸುರಿಯುವಾಗ ಲೇಬಲ್ ಅಂಗೈ ಕಡೆಗಿರಬೇಕು, ಹನಿ ಜಾರಿ ಅಕ್ಷರ ಅಳಿಸಬಾರದು. ಯಾರಾದರೂ ಏನನ್ನಾದರೂ ಮೂಸಿದರೆ ಬೈಗುಳ, ರುಚಿ ನೋಡಿದರೆ ಗೆಣ್ಣಿನ ಮೇಲೆ ಸ್ಕೇಲು. ಅಂಥ ಕಡೆಯಿಂದ ಬಂದವಳು ಬಣ್ಣದಾತನ ಥೂ-ಟೊಕ್ ನೋಡಿ ಸುಮ್ಮನಿರುವುದು ಹೇಗೆ?

"ನಾಲಿಗೆಗೆ ಹಾಕ್ಬೇಡ ಕಣಪ್ಪಾ. ಡೇಂಜರ್ ಅದು," ಎಂದೆ.

"ಡೇಂಜರ್ರಾ?" ಎಂದು ನಕ್ಕ. "ಅಮ್ಮಣ್ಣಿ, ನಮ್ಮಪ್ಪನೂ ಹಿಂಗೇ ನೋಡ್ತಿದ್ದ. ಹಲ್ಲೆಲ್ಲಾ ಉದುರಿ ಮುದುಕನಾಗೇ ಸತ್ತ. ನಾಲಿಗೆ ಬಿಟ್ಟು ಬಣ್ಣ ಹಾಕು ಅಂದ್ರೆ ಕಣ್ಣಿಗೆ ಬಟ್ಟೆ ಕಟ್ಕೊಂಡು ಸೂಜಿಗೆ ದಾರ ಪೋಣ್ಸು ಅಂದಂಗಾಯ್ತು."

ಲಾಳಿ ಸುತ್ತುತ್ತ ಕೂತಿದ್ದ ಅವನ ಹೆಂಡತಿ ತಲೆಯೆತ್ತದೆ, "ಆ ನಾಲಿಗೆ ಬಾನಿಗೇ ಲಾಯಕ್ಕು ಕಣಮ್ಮಾ. ನಾ ಮಾಡಿದ್ ಸಾರಿಗೆ ಒಂದಿನಾನಾದ್ರೂ ಟೊಕ್ ಅಂದೈತಾ ಕೇಳಿ," ಎಂದಳು.

"ಸಾರು ಹದವಾಗಿದ್ರೆ ತಾನೇ!"

"ನೋಡಿದ್ರಾ? ಮೂರು ಮುದ್ದೆ ನುಂಗೋವಾಗ ಹದ ಗೊತ್ತಾಗಕಿಲ್ಲ ಇವರ್ಗೆ."

ಅವಳು ನಮ್ಮೂರ ಹತ್ತಿರದ ಮಧುರೆ ಕಡೆಯವಳು. ದಪ್ಪ ಜಡೆ, ದೊಡ್ಡ ಬಾಯಿ. ಲಾಳಿ ಸುತ್ತುವ ಇನ್ನಿಬ್ಬರು ಹೆಂಗಸರಿಗೂ ತಮಗೂ ಸೇರಿಸಿ ಮಧ್ಯಾಹ್ನ ಶೆಡ್ಡಿನ ಮೂಲೆಯಲ್ಲೇ ಮುದ್ದೆ, ಉಪ್ಪುಸಾರು ಮಾಡುತ್ತಿದ್ದಳು. ಅವಳ ಮಗಳು, ಪುಟ್ಟ ಹುಡುಗಿ, ಸ್ಕೂಲು ಬಿಟ್ಟ ಮೇಲೆ ಬಂದು ನನ್ನ ಹತ್ತಿರ ಎ ಬಿ ಸಿ ಡಿ ಹೇಳಿಸಿಕೊಳ್ಳುತ್ತಿತ್ತು.

ಬಣ್ಣದಾತನ ನಾಲಿಗೆ ಬರೀ ಅಭ್ಯಾಸವಲ್ಲ, ಒಂದು ಪೂರ್ತಿ ಶಾಸ್ತ್ರ. ಇದನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಆಮೇಲೆ ಬಂದ ಆಫೀಸರುಗಳೆಲ್ಲ ಅವನನ್ನು ಪೆದ್ದ ಎಂದರು. ಶೆಡ್ಡಿಗೆ ಬರುವ ಪದಾರ್ಥವನ್ನೆಲ್ಲ ಅವನು ಜಾತಿ ಜಾತಿಯಾಗಿ ವಿಂಗಡಿಸಿದ್ದ. ಹುಳಿ ಜಾತಿ ಸುಡುತ್ತದೆ, ಮಕ್ಕಳ ಕೈಗೆ ಸಿಗದಂತೆ ಗಾಜಿನ ಜಾಡಿಯಲ್ಲಿಡಬೇಕು. ಜಾರುವ ಜಾತಿ, ಎಂದರೆ ಬೆರಳಿಗೆ ಸೋಪಿನಂತೆ ಜಾರುವ ಕಾಸ್ಟಿಕ್ಕು, ಚರ್ಮ ತಿನ್ನುತ್ತದೆ. ಕಹಿ ಜಾತಿ ಹೊಟ್ಟೆಗೆ ಹೋಗಬಾರದು. ಉಪ್ಪಿನ ಜಾತಿ ಮನೆಯದು, ಭಯವಿಲ್ಲ. ಬಣ್ಣ ನೂಲಿಗೆ ಕಚ್ಚಲೆಂದು ಬಾನಿಗೆ ಹಾಕುತ್ತಿದ್ದದ್ದು ಸಾದಾ ಪುಡಿಯುಪ್ಪೇ. ಅಡುಗೆಗೆ ತೀರಿದರೆ ಅದರಿಂದಲೇ ಒಂದು ಚಿಟಿಕೆ ತೆಗೆದು ಸಾರಿಗೆ ಹಾಕುವುದು ಊರಿನ ಎಲ್ಲ ಬಣ್ಣದ ಶೆಡ್ಡುಗಳಲ್ಲೂ ರೂಢಿ. ಅಪ್ಪನಿಂದ ಮಗನಿಗೆ ಬಂದ ಈ ಲೆಕ್ಕ ಯಾವ ಪದಾರ್ಥಗಳಿಗಾಗಿ ಹುಟ್ಟಿತ್ತೋ ಅವುಗಳಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಹೊಸದೊಂದು ಬಂದಿದೆ ಎಂದು ಅದಕ್ಕೆ ತಿಳಿಸಬೇಕಾದವರು ತಿಳಿಸಲಿಲ್ಲ. ಅಷ್ಟೇ.

ಹೊಸದನ್ನು ತರಿಸಿದವರು ನಮ್ಮ ಮಾವನವರು. ಅಲ್ಲಿಯವರೆಗೆ ಕೆಂಪಿಗೆ ಒಂದು ರೆಡಿಮೇಡ್ ಪುಡಿ ಬರುತ್ತಿತ್ತು, ದುಬಾರಿ. ಮಂಜುಗಡ್ಡೆ ಹಾಕಿ, ಬೇರೆ ಬೇರೆ ಪುಡಿ ಕೂಡಿಸಿ ಅದೇ ಕೆಂಪನ್ನು ಅಗ್ಗವಾಗಿ ಇಲ್ಲೇ ತೆಗೆಯಬಹುದು ಎಂದು ಬೆಂಗಳೂರು ಪೇಟೆಯ ಡೀಲರ್ ಹೇಳಿಕೊಟ್ಟ. ಆ ಪುಡಿಗಳಲ್ಲಿ ಒಂದು ಬೆಳ್ಳಗೆ, ನೋಡಿದರೆ ಉಪ್ಪಿನಂತೆಯೇ ಇತ್ತು. ಅದರ ಹೆಸರು ಸೋಡಿಯಂ ನೈಟ್ರೈಟ್ ಎಂದು ನನಗೆ ತಿಳಿದದ್ದು ಒಂದು ರಾಗಿ ಡ್ರಮ್ಮಿನಿಂದ.

ಡೀಲರ್ ಮಾಡುತ್ತಿದ್ದದ್ದು ಇಷ್ಟು. ಫ್ಯಾಕ್ಟರಿಯಿಂದ ದೊಡ್ಡ ಡ್ರಮ್ಮಿನಲ್ಲಿ ಮಾಲು ಬರುತ್ತದೆ. ಅದನ್ನು ಅಂಗಡಿಯಲ್ಲೇ ಒಡೆದು, ಹಳೇ ನ್ಯೂಸ್‌ಪೇಪರಿನಲ್ಲಿ ಪೊಟ್ಟಣ ಕಟ್ಟಿ, ಇದ್ದಿಲಿನಿಂದ ಗೀಟೆಳೆದು ನಮ್ಮಂಥ ಶೆಡ್ಡುಗಳಿಗೆ ಕಳಿಸುತ್ತಾನೆ. ಖಾಲಿ ಡ್ರಮ್ಮು ಗಟ್ಟಿ ತಗಡು, ಇಲಿ ಕಡಿಯುವುದಿಲ್ಲ. ಕಾಳು ತುಂಬಲು ಊರಿನ ಹೆಂಗಸರೆಲ್ಲ ಅದಕ್ಕಾಗಿ ಕಾಯುತ್ತಿದ್ದರು. ನಮ್ಮ ಮನೆಗೂ ಒಂದು ಬಂತು. ಅದರ ಹೊಟ್ಟೆಯ ಮೇಲೆ ಅಚ್ಚುಕಟ್ಟಾದ ಲೇಬಲ್: ಕೆಂಪಿನಲ್ಲಿ ತಲೆಬುರುಡೆ, ಅದರ ಕೆಳಗೆ ಅಡ್ಡಡ್ಡ ಮೂಳೆಗಳು, ಪಾಯ್ಸನ್ ಎಂದು ದಪ್ಪಕ್ಷರ, ಆಹಾರ ಪದಾರ್ಥಗಳಿಂದ ದೂರವಿಡಿ ಎಂದು ಸಣ್ಣಕ್ಷರ. ಎಲ್ಲ ಇಂಗ್ಲಿಷಿನಲ್ಲಿ.

"ಇದ್ಯಾವ ದೇವ್ರೇ?" ಎಂದರು ನಮ್ಮತ್ತೆ.

"ದೇವ್ರಲ್ಲ ಅತ್ತೆ, ವಿಷ ಅಂತ ಗುರುತು."

"ವಿಷ ಕುಡ್ದೋನೂ ದೇವ್ರೇ ಅಲ್ವೇನೆ? ಬುರುಡೆ ಹಿಡ್ಕೊಂಡು ತಿರುಗೋನೂ ಅವನೇ."

ಹುಣಿಸೆಹಣ್ಣು, ಬೂದಿ ಹಾಕಿ ಉಜ್ಜಿಸಿ, ಬಿಸಿನೀರಿನಲ್ಲಿ ಜಾಲಿಸಿ, ಬಿಸಿಲಿಗಿಟ್ಟು, ತಲೆಬುರುಡೆಯ ಹಣೆಗೆ ಒಂದಿಷ್ಟು ಕುಂಕುಮ ಹಚ್ಚಿ, ಅದರಲ್ಲಿ ರಾಗಿ ತುಂಬಿಸಿಬಿಟ್ಟರು. ನಾನು ಕೂಗಾಡಿದೆ. ಆ ರಾಗಿಯ ಮುದ್ದೆ ಮುಟ್ಟಲಿಲ್ಲ. ಕಾನ್ವೆಂಟ್ ನಖರಾ ಎಂದು ನಕ್ಕರು.

ಮುಂದಿನ ಸಲ ಡೀಲರ್ ಬಂದಾಗ ನಡುಮನೆಗೆ ಬಂದು ಕೇಳಿದೆ: "ಆ ಡ್ರಮ್ಮಿನಲ್ಲಿದ್ದದ್ದು ಈಗೆಲ್ಲಿದೆ?"

"ಎಲ್ಲಾ ಕಡೆ ಹೋಗಿದೆ ತಾಯಿ. ನಿಮ್ಮಲ್ಲಿಗೂ ಬಂದಿದೆ, ಕೆಂಪಿಗೆ."

"ಪೊಟ್ಟಣದ ಮೇಲೆ ಲೇಬಲ್ಲೇ ಇಲ್ವಲ್ಲ?"

"ಪೊಟ್ಟಣಕ್ಕೆ ಲೇಬಲ್ಲಾ!" ಅವನು ಮಾವನವರ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಕಡ್ಲೇಕಾಯಿ ಪೊಟ್ಟಣಕ್ಕೂ ಹಚ್ಬೇಕಾಗತ್ತೆ ಹಂಗಾದ್ರೆ."

ಮಾವನವರು ನಕ್ಕು, "ಒಳಗೆ ಹೋಗಮ್ಮ, ಕಾಫಿ ನೋಡು," ಎಂದರು.

ನಾನು ಕಾಫಿ ನೋಡದೆ ಸೀದಾ ಶೆಡ್ಡಿಗೆ ಹೋದೆ. ಹೊಸ ಬಿಳಿಪುಡಿ ವಿಷ, ಉಪ್ಪಿನ ಪಕ್ಕ ಇಡಬೇಡ ಎಂದೆ. ಬಣ್ಣದಾತ ಈ ಸಲ ನಗಲಿಲ್ಲ. ಪೊಟ್ಟಣಗಳನ್ನು ತೋರಿಸಿದ: "ಒಂದು ಗೀಟು ಉಪ್ಪು, ಎರಡು ಗೀಟು ಹೊಸಾದು. ಬೇರೆ ಮೂಲೇಲಿ ಇಡ್ತೀನಿ ಬಿಡಿ ಅಮ್ಮಣ್ಣಿ." ಇಟ್ಟ ಕೂಡ. ಎರಡೂ ಮೂಲೆಗಳನ್ನು ನನ್ನ ಕಣ್ಣಾರೆ ನೋಡಿದ್ದೇನೆ.

ಆದರೆ ಬಣ್ಣದ ಶೆಡ್ಡೆಂದರೆ ನೀರು. ನೆಲ, ಗೋಡೆ, ಗಾಳಿ ಎಲ್ಲವೂ ಒದ್ದೆ. ಗೌರಿಹಬ್ಬದ ಮುಂಚಿನ ಆರ್ಡರುಗಳ ಗಡಿಬಿಡಿ, ಹೊಸ ಮಾಲು ಬಂದಿತ್ತು. ತಂದ ಹಮಾಲಿ ಪೊಟ್ಟಣಗಳನ್ನೆಲ್ಲ ಒಂದೇ ಕಡೆ ಒಟ್ಟಿ ಹೋದ. ಒದ್ದೆ ಕಾಗದದ ಮೇಲಿನ ಇದ್ದಿಲು ಗೀಟು ಎಷ್ಟು ಹೊತ್ತು ನಿಲ್ಲುತ್ತದೆ? ಆಗ ನಡೆದದ್ದನ್ನು ನಾನು ನೋಡಲಿಲ್ಲ, ಆಮೇಲೆ ಬಣ್ಣದಾತನೇ ಹೇಳಿದ್ದು. ಹೆಂಡತಿ ಸಾರು ಕುದಿಯಲಿಟ್ಟು, "ಉಪ್ಪು ತೀರೋಯ್ತು, ಇದ್ರಲ್ಲಿ ಯಾವ್ದು ಉಪ್ಪು?" ಎಂದು ಕೂಗಿದ್ದಾಳೆ. ಅವನ ಎರಡೂ ಕೈ ಮೊಣಕೈವರೆಗೆ ಬಾನಿಯಲ್ಲಿ. ನೂಲನ್ನು ಮಧ್ಯದಲ್ಲಿ ಬಿಟ್ಟರೆ ಪಟ್ಟೆ ಬೀಳುತ್ತದೆ. ಅವಳೇ ಒಂದು ಚಿಟಿಕೆ ತಂದು ಅವನ ನಾಲಿಗೆಯ ಮೇಲಿಟ್ಟಿದ್ದಾಳೆ. ಅವನು ಉಗಿದು, ಟೊಕ್ ಎಂದು, "ಉಪ್ಪೇ ಕಣೆ, ಹಾಕು," ಎಂದಿದ್ದಾನೆ.

ಆ ವಿಷ ಉಪ್ಪಗಿರುತ್ತದೆ. ಅದರ ಕೇಡಿರುವುದೇ ಅಲ್ಲಿ. ಅವನ ಶಾಸ್ತ್ರದ ಪ್ರಕಾರ ಅದು ಮನೆಯ ಜಾತಿ.

ಹೆಂಗಸರು ಮೂವರೂ ಉಂಡರು. ಅವನು ಬಾನಿ ಮುಗಿಸಿ ಉಣ್ಣುತ್ತೇನೆಂದು ನಿಂತೇ ಇದ್ದ. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ನಗು ಕೇಳಿಸಿತು. "ಅಯ್ಯೋ, ಇವಳ ತುಟಿ ನೋಡ್ರೇ, ನೀಲಿ ಬಾನೀಲಿ ಮುಖ ತೊಳ್ಕೊಂಡವ್ಳೆ!" "ನಿಂದೇನ್ ಕಮ್ಮಿನಾ, ಉಗುರು ನೋಡ್ಕೊ!" ಬಣ್ಣದ ಶೆಡ್ಡಿನಲ್ಲಿ ನೀಲಿ ತುಟಿ, ನೀಲಿ ಉಗುರು ಯಾರಿಗೆ ಹೊಸದು? ನಕ್ಕರು. ಆಮೇಲೆ ನಗು ನಿಂತಿತು. ನಾನು ಓಡಿದೆ. ಬಣ್ಣದಾತನ ಹೆಂಡತಿ ಗೋಡೆಗೊರಗಿ ಏದುಸಿರು ಬಿಡುತ್ತಿದ್ದಳು. ನಿಂಬೆಹೋಳಿನಿಂದ ಅವಳ ಉಗುರು ತಿಕ್ಕಿದೆ. ನೀಲಿ ಹೋಗಲಿಲ್ಲ. ಅದು ಒಳಗಿನಿಂದ ಬಂದ ನೀಲಿ.

ಊರಿನ ಡಾಕ್ಟರು ಹಳಸಿದ ಊಟವಿರಬೇಕೆಂದರು. ನಾನು ನೈಟ್ರೈಟ್, ನೈಟ್ರೈಟ್ ಎಂದು ಬಡಿದುಕೊಂಡೆ. ಬೆಂಗಳೂರಿಗೆ ಒಯ್ಯಿರಿ ಎಂದರು. ನೂಲು ಇಳಿಸಿ ನಿಂತಿದ್ದ ಲಾರಿಯಲ್ಲಿ ಮೂವರನ್ನೂ ಮಲಗಿಸಿಕೊಂಡು ಹೊರಟೆವು. ರಾಜಾನುಕುಂಟೆ ದಾಟುವಷ್ಟರಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ ಭಾರವಾಯಿತು. ಆ ಭಾರ ಬೇರೆ ರೀತಿಯದು, ಅನುಭವಿಸಿದವರಿಗೆ ಗೊತ್ತು. ಉಳಿದಿಬ್ಬರು ದೊಡ್ಡಾಸ್ಪತ್ರೆಯಲ್ಲಿ ಬದುಕಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆ. ಮುಗಿಯಲಿಲ್ಲ. ಹೆಣ ಮಣ್ಣಾದ ದಿನವೇ ಅವಳ ಅಣ್ಣಂದಿರು ಮಧುರೆಯಿಂದ ಬಂದು, ಇವನೇ ವಿಷ ಹಾಕಿದ ಎಂದರು. ಎಲ್ಲರೂ ಉಂಡರು, ಇವನೊಬ್ಬನೇ ಉಣ್ಣಲಿಲ್ಲ, ಯಾಕೆ? ಮಗಳನ್ನು ಎತ್ತಿಕೊಂಡು ಹೋಗಿಯೇಬಿಟ್ಟರು. ಪೊಲೀಸಿಗೂ ಹೇಳಿದರು. ಬಣ್ಣದಾತ ನನ್ನ ಕಿಟಕಿಯ ಕೆಳಗೆ ಬಂದು ನಿಂತ.

"ಅಮ್ಮಣ್ಣಿ, ಜೈಲಿಗೆ ಹಾಕ್ಲಿ ಬಿಡಿ, ಪರವಾಗಿಲ್ಲ. ಬೇಕೂ ಅಂತ ನಾ ಹಾಕ್ಲಿಲ್ಲ ಅಂತ ಸರ್ಕಾರದೋರು ಒಂದ್ ಕಾಗದದಾಗೆ ಬರ್ಕೊಟ್ರೆ ಸಾಕು. ತಗೊಂಡೋಗಿ ಮಗೀಗೆ ತೋರಿಸ್ತೀನಿ. ಆ ಮಗಾ ನಾನೇ ಅವ್ವನ್ನ ಕೊಂದೆ ಅಂದ್ಕೊಂಡು ಬೆಳೀಬಾರ್ದು."

ಅವನು ಕೇಳಿದ್ದು ಅದೊಂದೇ.

ವಿಚಾರಣೆ ನಡೆದದ್ದು ನಮ್ಮ ಪಡಸಾಲೆಯಲ್ಲಿ. ಪೊಲೀಸಿನವರ ಜೊತೆ ಕಾರ್ಖಾನೆಗಳ ಇನ್ಸ್‌ಪೆಕ್ಟರ್, ಬುಷ್ ಕೋಟು, ಬಗಲಲ್ಲಿ ಫೈಲು. ಡೀಲರ್ ಕುರ್ಚಿಯ ಮೇಲೆ, ಕೈಯಲ್ಲಿ ನಮ್ಮ ಮನೆಯ ಕಾಫಿ. ಬಣ್ಣದಾತ ಅಂಗಳದ ಬಿಸಿಲಿನಲ್ಲಿ ನಿಂತೇ ಇದ್ದ. ಡೀಲರ್ ಒಂದು ಕಾಗದ ಬಿಡಿಸಿ ಮೇಜಿನ ಮೇಲಿಟ್ಟ. ಡ್ರಮ್ಮಿನೊಳಗೆ ಬರುವ ಸೇಫ್ಟಿ ಲೀಫ್ಲೆಟ್ಟು. ಮಡಿಕೆ ಕೂಡ ಮಾಸಿರಲಿಲ್ಲ.

"ಎಲ್ಲಾ ಕ್ಲಿಯರ್ ಆಗಿದೆ ಸಾರ್. ತಿನ್ಬಾರ್ದು ಅಂತಿದೆ, ಊಟದ ಹತ್ರ ಇಡ್ಬಾರ್ದು ಅಂತಿದೆ. ಡ್ರಮ್ ಮೇಲೂ ಲೇಬಲ್ ಇದೆ."

ಇನ್ಸ್‌ಪೆಕ್ಟರ್ ಅಂಗಳದ ಕಡೆ ನೋಡಿ, "ಓದಕ್ಕೆ ಬರಲ್ವೇನಯ್ಯಾ ನಿಂಗೆ?" ಎಂದ.

"ಕನ್ನಡ ಕೂಡಿಸ್ಕೊಂಡು ಓದ್ತೀನಿ ಸ್ವಾಮಿ. ಆ ಕಾಗದ ನಾ ನೋಡೇ ಇಲ್ಲ."

"ಮತ್ತೆ ನೀನ್ಯಾಕೆ ಊಟ ಮಾಡ್ಲಿಲ್ಲ?"

"ನೂಲು ಬಾನೀಲಿತ್ತು ಸ್ವಾಮಿ."

ಪೊಲೀಸಿನವನು ನಕ್ಕ. "ಹೆಂಡ್ತಿ ಸಾಯ್ತಿದ್ಲು, ಇವನಿಗೆ ನೂಲು."

ಬಾಗಿಲ ಹಿಂದೆ ನಿಂತಿದ್ದ ನನಗೆ ತಡೆಯಲಾಗಲಿಲ್ಲ. ಮಾವನವರ ಮುಂದೆ ತಲೆಯ ಮೇಲೆ ಸೆರಗಿಲ್ಲದೆ ಬಂದು ನಿಂತ ಮೊದಲ ಸಲ ಅದು. ಇಂಗ್ಲಿಷಿನಲ್ಲೇ ಹೇಳಿದೆ: ಲೇಬಲ್ ಇರೋದು ನಿಜ ಸರ್, ಆದರೆ ಅದು ನಮ್ಮ ಉಗ್ರಾಣದಲ್ಲಿದೆ, ಕಮ್ ಅಂಡ್ ಸೀ.

ಪೇದೆಯಿಂದ ಡ್ರಮ್ಮನ್ನು ಪಡಸಾಲೆಗೆ ಉರುಳಿಸಿ ತರಿಸಿದೆ. ಮುಚ್ಚಳ ಹಾರಿ ರಾಗಿ ಚೆಲ್ಲಿತು. ಅತ್ತೆ, "ಅಯ್ಯೋ ಕಾಳು ತುಳೀಬೇಡ್ರೋ!" ಎಂದು ಚೀರಿದರು. ಕುಂಕುಮ ಹಚ್ಚಿಸಿಕೊಂಡ ತಲೆಬುರುಡೆ ಎಲ್ಲರನ್ನೂ ನೋಡಿಕೊಂಡು ನಿಂತಿತು. "ವಿಷ ಕಾಗದದ ಪೊಟ್ಟಣದಲ್ಲಿ ಶೆಡ್ಡಿಗೆ ಬಂತು," ಎಂದೆ. "ಅದರ ಎಚ್ಚರಿಕೆ ರಾಗಿ ತುಂಬಿಕೊಂಡು ಅಡುಗೆಮನೆಗೆ ಬಂತು. ಇವರು ಎರಡನ್ನೂ ಬೇರೆ ಬೇರೆ ಮಾರಿದರು. ಈಗ ಹೇಳಿ, ಈ ಮನುಷ್ಯ ಏನನ್ನು ಓದಬೇಕಿತ್ತು?"

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿ, "ಯುವರ್ ಇಂಗ್ಲಿಷ್ ಈಸ್ ವೆರಿ ಗುಡ್ ಮೇಡಂ," ಎಂದ. ಅವನ ಮುಖಕ್ಕೆ ರಾಗಿ ಎರಚಬೇಕೆನಿಸಿತು. ಎರಚಬೇಕಿತ್ತು.

ಕೊಲೆಯ ಮಾತು ಅಲ್ಲಿಗೆ ಬಿಟ್ಟುಹೋಯಿತು, ಅಷ್ಟು ಮಾತ್ರ ಆಯಿತು. ರಿಪೋರ್ಟಿನಲ್ಲಿ ಏನು ಬರೆದರೆಂದು ಮಾವನವರು ಒಂದು ದಿನ ಊಟಕ್ಕೆ ಕೂತಾಗ ಹೇಳಿದರು: ಕೆಲಸಗಾರರ ಅಜ್ಞಾನದಿಂದ ಆದ ಅಪಘಾತ, ತಯಾರಕರ ಎಚ್ಚರಿಕೆ ನಿಯಮದಂತೆ ಇತ್ತು. ಸತ್ತವಳದೇ ತಪ್ಪು, ಸರಿ ತಾನೇ? ಕಾಗದದ ಒಂದು ಕಾಪಿ ಕೊಡಿ ಎಂದು ನಾನೇ ಆಫೀಸಿಗೆ ಬರೆದೆ. ಬಣ್ಣದಾತನನ್ನು ನಿರಪರಾಧಿ ಎಂದು ಬರೆಯದಿದ್ದರೂ, ಅಪಘಾತ ಎಂಬ ಪದವಾದರೂ ಅವನ ಮಗಳಿಗೆ ಸಾಕಾಗಿತ್ತು. ಸಂಬಂಧಪಟ್ಟವರಲ್ಲದವರಿಗೆ ಕೊಡಲಾಗುವುದಿಲ್ಲ ಎಂದು ಉತ್ತರ ಬಂತು. ಅವನಿಂದ ಹೆಬ್ಬೆಟ್ಟು ಹಾಕಿಸಿ, ಅಲ್ಲ, ಅವನು ಸಹಿ ಹಾಕುತ್ತಿದ್ದ, ಸಹಿ ಹಾಕಿಸಿ ಮತ್ತೆ ಬರೆದೆ. ಫೈಲ್ ಕ್ಲೋಸ್ ಆಗಿದೆ ಎಂದರು. ಡೀಲರನ ಹತ್ತಿರ ತನ್ನನ್ನು ಕಾಪಾಡಿಕೊಳ್ಳಲು ಕಾಗದವಿತ್ತು, ಫ್ಯಾಕ್ಟರಿಯ ಹತ್ತಿರ ಇತ್ತು, ಸರ್ಕಾರದ ಹತ್ತಿರ ಇತ್ತು. ಸೇಫ್ಟಿ ಎಂದರೆ ಯಾರ ಸೇಫ್ಟಿ ಎಂದು ನನಗೆ ಅರ್ಥವಾದದ್ದು ಆಗ.

ಮಾವನವರು ಬಣ್ಣದಾತನನ್ನು ಕೆಲಸದಿಂದ ಬಿಡಿಸಿದರು. ಶೆಡ್ಡಿನ ಬಾಗಿಲಿಗೆ ಆಫೀಸಿನಿಂದ ಒಂದು ಅಚ್ಚಿನ ನೋಟೀಸು ಬಂದು ಅಂಟಿಕೊಂಡಿತು. ಅದೂ ಇಂಗ್ಲಿಷಿನಲ್ಲಿ! ನಾನು ಮೈದಾ ಅಂಟು ಕುದಿಸಿ, ಪ್ರತಿ ಡಬ್ಬಿಗೂ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದೆ. ಗಿರಾಕಿಗಳು ಹೆದರುತ್ತಾರೆಂದು ಮಾವನವರು ಕೀಳಿಸಿದರು. ಮತ್ತೆ ಅಂಟಿಸಿದೆ. ಮತ್ತೆ ಕೀಳಿಸಿದರು. ಹೀಗೇ ವರ್ಷಗಟ್ಟಲೆ ನಡೆಯಿತು ನಮ್ಮಿಬ್ಬರ ಜಟಾಪಟಿ. ಯಜಮಾನರು, ಎಂದರೆ ನನ್ನ ಗಂಡ, ಪೇಪರು ಓದುತ್ತ ಕೂತಿರುತ್ತಿದ್ದರು.

ಈಗ ನನ್ನ ಬಾತ್‌ರೂಮ್ ಕ್ಲೀನರ್ ಬಾಟಲಿಯ ಮೇಲೂ ಚೌಕ, ತ್ರಿಕೋನ, ಎಷ್ಟೊಂದು ಗುರುತುಗಳು. ಕೆಲಸದವಳಿಗೆ ಅದನ್ನು ನಾನೇ ಓದಿ ಹೇಳುತ್ತೇನೆ. ಭೂತಗನ್ನಡಿ ಹಿಡಿದು.

ಎಪ್ಪತ್ತರ ದಶಕ ಮುಗಿಯುತ್ತಿರುವಾಗ ಮಧುರೆಯಿಂದ ಮದುವೆಯ ಕರೆಯೋಲೆ ಬಂತು. ಆ ಹುಡುಗಿಯದು. ಎ ಬಿ ಸಿ ಡಿ ಹೇಳಿಕೊಟ್ಟವಳೆಂದು ಅವಳೇ ಹಟ ಹಿಡಿದು ಕಳಿಸಿದ್ದಳಂತೆ. ಬಸ್ಸಿಳಿದು ಚಪ್ಪರದ ಕಡೆ ನಡೆಯುವಾಗ ರಸ್ತೆಯಾಚೆ, ಬೀಡಿ ಅಂಗಡಿಯ ಪಕ್ಕ, ಬಣ್ಣದಾತ ನಿಂತಿದ್ದ. ಒಗೆದ ಪಂಚೆ, ಹೊಸ ಟವೆಲು. ಹಿಂದೂಪುರದ ಕಡೆ ಮಂಡಿಯಲ್ಲಿ ಮೂಟೆ ಹೊರುತ್ತಿದ್ದನಂತೆ.

"ಒಳಗೆ ಬಾರೋ," ಎಂದೆ.

"ಬ್ಯಾಡಿ ಅಮ್ಮಣ್ಣಿ. ಅವಳ ಸೋದರಮಾವಂದಿರು ಗಲಾಟೆ ಮಾಡ್ತಾರೆ. ಮಗೀಗೆ ಒಳ್ಳೆ ದಿನ. ಇಲ್ಲಿಂದ್ಲೇ ವಾಲಗ ಕೇಳುಸ್ತದೆ."

ಒಳಗೆ ಹೋಗಿ, ಅಲಂಕಾರ ಮಾಡಿಸಿಕೊಳ್ಳುತ್ತಿದ್ದ ಹುಡುಗಿಯ ಕಿವಿಯಲ್ಲಿ ಹೇಳಿದೆ. ಪೊಟ್ಟಣ, ಡ್ರಮ್ಮು, ಎಲ್ಲ. ಅವಳು ಕನ್ನಡಿಯಿಂದ ಕಣ್ಣು ತೆಗೆಯದೆ, "ಗೊತ್ತಮ್ಮಾ," ಎಂದಳು. "ಅವತ್ತು ಅವ್ವನ ಜೊತೆ ಉಂಡೋಳು, ಲಾಳಿ ಸುತ್ತೋ ಅಜ್ಜಿ, ಯಾವಾಗ್ಲೋ ಹೇಳಿದ್ಲು. ಅಪ್ಪ ಹಾಕ್ಲಿಲ್ಲ. ಅಪ್ಪಂಗೇ ಗೊತ್ತಿರ್ಲಿಲ್ಲ. ಆದ್ರೆ ಈ ಮನೇಲಿ ಬಾಯಿ ಬಿಟ್ರೆ ಅನ್ನ ಹಾಕೋರು ಯಾರು? ನಾಳೆಯಿಂದ ಬೇರೆ ಮನೆ. ಆಮೇಲೆ ನೋಡ್ತೀನಿ."

"ಹೊರಗೆ ನಿಂತಿದಾನೆ ಕಣೆ."

ಅವಳ ಕಾಡಿಗೆ ಕದಡಿತು. ಯಾರೋ ಅತ್ತಿಗೆ ಬಂದು, "ಶುಭಕಾಲದಲ್ಲಿ ಅಳಿಸ್ತೀರಲ್ಲ, ಏಳ್ರಮ್ಮ," ಎಂದು ನನ್ನನ್ನು ಎಬ್ಬಿಸಿದಳು.

ಧಾರೆಗೂ ಕಾಯದೆ ಹೊರಗೆ ಓಡಿದೆ. ಬೀಡಿ ಅಂಗಡಿಯ ಹತ್ತಿರ ಯಾರೂ ಇರಲಿಲ್ಲ. ದೊಡ್ಡಬಳ್ಳಾಪುರದ ಬಸ್ಸು ಹೊಗೆ ಬಿಡುತ್ತಿತ್ತು. ಅವನು ಹಿಂದಿನ ಕಿಟಕಿಯಲ್ಲಿ ಕೂತಿದ್ದ. ಕಿಟಕಿಯ ಕಂಬಿ ಹಿಡಿದುಕೊಂಡು, ಆ ವಯಸ್ಸಿನ ಹೆಂಗಸರು ರಸ್ತೆಯಲ್ಲಿ ಕೂಗಬಾರದಷ್ಟು ಜೋರಾಗಿ, ಕೂಗಿದೆ:

"ಅವಳಿಗೆ ಗೊತ್ತು ಕಣೋ! ನೀನು ಹಾಕ್ಲಿಲ್ಲ ಅಂತ ಅವಳಿಗೆ ಮೊದ್ಲೇ ಗೊತ್ತಿತ್ತು!"

ಅವನಿಗೆ ಕೇಳಿಸಿತು.

"ಹುಡುಗ ಹೆಂಗವ್ನೆ ಅಮ್ಮಣ್ಣಿ?" ಎಂದ.

"ಒಳ್ಳೆಯವನ ಥರ ಕಾಣ್ತಾನೆ."

"ಹೂಂ," ಎಂದ. ಕಂಡಕ್ಟರ್ ರೈಟ್ ಹೇಳಿದ. ಬಣ್ಣದಾತ ಹೊಸ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿರುವಾಗಲೇ ಬಸ್ಸು ತಿರುವು ದಾಟಿತು. ನಾನು ಅವನನ್ನು ನೋಡಿದ್ದು ಅದೇ ಕೊನೆ.